ಆದೇಶ ಮೊದಲು, ಅಡ್ಮಿಷನ್ ಆಮೇಲೆ

ಸರ್ಕಾರಿ ನೌಕರಿಯಲ್ಲಿದ್ದುಕೊಂಡೇ ಎಂ.ಎ., ಬಿ.ಇಡಿ., ಎಲ್‌ಎಲ್‌.ಬಿ. ಮಾಡಿಕೊಂಡವರು ನಮ್ಮಂಥ ವಕೀಲರ ಹತ್ತಿರ ಬರುವುದು ಕಾಲೇಜಿಗೆ ಸೇರುವ ಮುಂಚೆ ಅಲ್ಲ. ಓದು ಮುಗಿದು ಎಷ್ಟೋ ವರ್ಷಗಳಾದ ಮೇಲೆ ಬರುತ್ತಾರೆ. ಬಡ್ತಿ ಪಟ್ಟಿ ಹೊರಬಿದ್ದಿರುತ್ತದೆ, ಅದರಲ್ಲಿ ಅವರ ಹೆಸರಿರುವುದಿಲ್ಲ. ಕೇಳಿದರೆ ಎರಡು ಸಾಲಿನ ಹಿಂಬರಹ ಕೈಗೆ ಬರುತ್ತದೆ: ಪೂರ್ವಾನುಮತಿ ಪಡೆಯದೆ ವ್ಯಾಸಂಗ ಮಾಡಿದ್ದರಿಂದ ಸದರಿ ಪದವಿಯನ್ನು ಸೇವಾ ಪುಸ್ತಕದಲ್ಲಿ ದಾಖಲಿಸಲು ಅವಕಾಶವಿಲ್ಲ. ರಾತ್ರಿ ಕೂತು ಓದಿದ್ದು, ಸಂಬಳದಲ್ಲಿ ಉಳಿಸಿ ಫೀ ಕಟ್ಟಿದ್ದು, ಮಕ್ಕಳನ್ನು ಅಜ್ಜಿ ಮನೆಯಲ್ಲಿ ಬಿಟ್ಟು ಪರೀಕ್ಷೆ ಬರೆದದ್ದು ಎಲ್ಲವೂ ಆ ಎರಡು ಸಾಲಿನ ಕೆಳಗೆ ಹೋಗಿಬಿಡುತ್ತದೆ.

ಭಾಲ್ಕಿ ತಾಲ್ಲೂಕಿನ ಸಾಯಗಾಂವ ಹೋಬಳಿಯಂಥ ಕಡೆ ಈ ನಷ್ಟ ಹೆಚ್ಚು. ಮಹಾರಾಷ್ಟ್ರದ ಗಡಿಗೆ ಹತ್ತಿದ ಹೋಬಳಿ ಇದು. ಇಲ್ಲಿಯ ಶಿಕ್ಷಕಿ, ಗ್ರಾಮ ಆಡಳಿತ ಅಧಿಕಾರಿ, ಪಂಚಾಯಿತಿ ಕಾರ್ಯದರ್ಶಿ, ಆರೋಗ್ಯ ಕೇಂದ್ರದ ನರ್ಸ್ ಇವರಿಗೆಲ್ಲ ಮೇಲಧಿಕಾರಿಯ ಕಚೇರಿ ಭಾಲ್ಕಿಯಲ್ಲಿ, ಅದರ ಮೇಲಿನದು ಬೀದರ್‌ನಲ್ಲಿ. ಒಂದು ಅರ್ಜಿ ಎಲ್ಲಿಗೆ ಹೋಯಿತೆಂದು ನೋಡಲು ಒಂದು ದಿನದ ರಜೆ ಹಾಕಬೇಕು. ಹಾಗಾಗಿ ಬಹಳಷ್ಟು ಜನ ಅರ್ಜಿಯನ್ನೇ ಕೊಡುವುದಿಲ್ಲ. ಬಾಯಲ್ಲಿ ಕೇಳುತ್ತಾರೆ. ಅಧಿಕಾರಿ ಬಾಯಲ್ಲೇ ಹೇಳುತ್ತಾರೆ: ‘ಅಡ್ಮಿಷನ್ ತಗೋರಿ, ಮುಂದಿಂದು ಮುಂದ ನೋಡಮು.’ ನಾನು ಕಂಡ ಪ್ರಕರಣಗಳಲ್ಲಿ ಅತಿ ಹೆಚ್ಚು ಜನರನ್ನು ಕೆಡಿಸಿದ್ದು ಈ ಒಂದು ಮಾತು.

ಈ ಲೇಖನದಲ್ಲಿ ನಾನು ಹೇಳಬೇಕಾದ ಮುಖ್ಯ ವಿಷಯ ಆ ಮಾತಿಗೆ ತದ್ವಿರುದ್ಧ. ಕಾಲೇಜಿಗೆ ಮೊದಲ ರೂಪಾಯಿ ಕಟ್ಟುವ ಮುಂಚೆ, ನಿಮ್ಮ ಹೆಸರಿನಲ್ಲಿ, ಸಂಖ್ಯೆ ಮತ್ತು ದಿನಾಂಕ ಇರುವ ಲಿಖಿತ ಆದೇಶ ಕೈಯಲ್ಲಿರಬೇಕು.

ಸರ್ಕಾರಿ ನೌಕರನಿಗೆ ಓದುವ ಹಕ್ಕಿಲ್ಲವೇ ಎಂದು ಕೇಳುವವರಿದ್ದಾರೆ. ಓದಲು ಯಾರೂ ಅಡ್ಡಿ ಮಾಡುವಂತಿಲ್ಲ. ಆದರೆ ಸೇವಾ ಕಾನೂನಿನ ಮೂಲ ತತ್ವದ ಪ್ರಕಾರ ನೌಕರನ ಇಡೀ ಸಮಯ ಸರ್ಕಾರದ ಅಧೀನ, ಮತ್ತು ರಜೆಯನ್ನು ಹಕ್ಕೆಂದು ಕೇಳುವಂತಿಲ್ಲ. ಈ ಎರಡರ ನಡುವೆ ಓದಿಗೆ ಮೂರು ದಾರಿಗಳಿವೆ. ಒಂದು, ಬರೀ ಅನುಮತಿ. ದೂರಶಿಕ್ಷಣದಲ್ಲೋ ಬಾಹ್ಯ ವಿದ್ಯಾರ್ಥಿಯಾಗಿಯೋ ಕೆಲಸದ ಹೊತ್ತು ಬಿಟ್ಟು ಓದುತ್ತೀರಿ, ಪರೀಕ್ಷೆಯ ದಿನಗಳಿಗೆ ನಿಮ್ಮ ಸ್ವಂತ ರಜೆ ಹಾಕುತ್ತೀರಿ. ಎರಡು, ರಜೆ. ಗಳಿಕೆ ರಜೆ, ಅರ್ಧ ವೇತನ ರಜೆ, ವೇತನರಹಿತ ರಜೆ ಅಥವಾ ವ್ಯಾಸಂಗ ರಜೆ ಪಡೆದು ಕಾಲೇಜಿಗೆ ಹೋಗುತ್ತೀರಿ. ಮೂರು, ನಿಯೋಜನೆ. ಇಲಾಖೆಯೇ ಆರಿಸಿ, ಸಂಬಳ ಕೊಟ್ಟು, ಬಾಂಡ್ ಬರೆಸಿಕೊಂಡು ಓದಲು ಕಳುಹಿಸುತ್ತದೆ. ಪಶುವೈದ್ಯರು ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿಗೆ ಹೋಗುವುದು, ಸರ್ಕಾರಿ ವೈದ್ಯರು ಸೇವಾನಿರತರ ಕೋಟಾದಲ್ಲಿ ಎಂ.ಡಿ., ಎಂ.ಎಸ್. ಸೀಟು ಪಡೆಯುವುದು ಈ ಮೂರನೆಯ ದಾರಿ. ವೈದ್ಯರಿಗೆ ಇಂಥ ಕೋಟಾ ಕೊಡುವ ಅಧಿಕಾರ ರಾಜ್ಯಗಳಿಗೆ ಇದೆಯೆಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ತಮಿಳುನಾಡು ವೈದ್ಯಾಧಿಕಾರಿಗಳ ಸಂಘದ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಒಂದು ದಾರಿಯ ಆದೇಶ ಇನ್ನೊಂದಕ್ಕೆ ನಡೆಯುವುದಿಲ್ಲ. ಎಡವುವುದು ಇಲ್ಲೇ.

ಉದಾಹರಣೆಗೆ, ನನ್ನ ಬಳಿ ಬಂದ ಒಬ್ಬ ಪ್ರಾಥಮಿಕ ಶಾಲಾ ಶಿಕ್ಷಕರು ಉನ್ನತ ವ್ಯಾಸಂಗಕ್ಕೆ ಅನುಮತಿ ಪಡೆದಿದ್ದರು. ಆದೇಶದಲ್ಲಿ ‘ಶಾಲಾ ಕರ್ತವ್ಯಕ್ಕೆ ಧಕ್ಕೆಯಾಗದಂತೆ’ ಎಂಬ ಷರತ್ತಿತ್ತು. ಕೋರ್ಸಿನ ಹೆಸರು, ವಿಶ್ವವಿದ್ಯಾಲಯದ ಹೆಸರು, ದೂರಶಿಕ್ಷಣವೋ ರೆಗ್ಯುಲರೋ ಎಂಬುದು ಇರಲಿಲ್ಲ. ಯಾರೋ ಹೇಳಿದರೆಂದು ಅವರು ರೆಗ್ಯುಲರ್ ಕಾಲೇಜಿಗೆ ಹೆಸರು ಹಚ್ಚಿದರು. ಕಾಲೇಜು ಹಾಜರಾತಿ ಕೊಟ್ಟಿತು. ಶಾಲೆಯ ಹಾಜರಿ ಪುಸ್ತಕದಲ್ಲೂ ಅವೇ ದಿನಗಳಿಗೆ ಅವರ ಸಹಿ. ಬಡ್ತಿಯ ಹೊತ್ತಿಗೆ ಅಂಕಪಟ್ಟಿ ಕೊಟ್ಟಾಗ ಕಚೇರಿ ಎರಡೂ ದಾಖಲೆ ಪಕ್ಕದಲ್ಲಿಟ್ಟು ನೋಡಿತು. ಆ ಮೇಲೆ ಪ್ರಶ್ನೆ ಬಡ್ತಿಯದ್ದಾಗಿ ಉಳಿಯಲಿಲ್ಲ. ಒಂದೇ ದಿನ ಎರಡು ಕಡೆ ಹಾಜರಿದ್ದದ್ದು ಹೇಗೆ ಎಂಬ ಆರೋಪಪಟ್ಟಿ ಬಂತು. ಇಂಥ ಪ್ರಕರಣದಲ್ಲಿ ಒಂದೋ ಶಾಲೆಯ ಹಾಜರಿ ಸುಳ್ಳು, ಇಲ್ಲವೇ ಕಾಲೇಜಿನದ್ದು ಸುಳ್ಳು. ಎರಡರಲ್ಲಿ ಯಾವುದನ್ನು ಒಪ್ಪಿದರೂ ನೌಕರನಿಗೆ ಹೊಡೆತ. ಆ ದಿನಗಳ ಸಂಬಳದ ವಸೂಲಿ ಬೇರೆ. ವಕೀಲನಾಗಿ ನಾನು ಶಿಕ್ಷೆಯ ಪ್ರಮಾಣ ಕಡಿಮೆ ಮಾಡಿಸಬಹುದು, ಆ ದಾಖಲೆಗಳನ್ನು ಅಳಿಸಲಾರೆ.

ಹಾಗಾಗಿ ಅರ್ಜಿಯಲ್ಲಿ ಹೀಗೆ ಬರೆಯಿರಿ: ಯಾವ ಕೋರ್ಸು, ಯಾವ ವಿಶ್ವವಿದ್ಯಾಲಯ, ಯಾವ ಶೈಕ್ಷಣಿಕ ವರ್ಷ, ಎಷ್ಟು ಅವಧಿ, ದೂರಶಿಕ್ಷಣವೋ ಆನ್‌ಲೈನೋ ರೆಗ್ಯುಲರೋ, ಸಂಪರ್ಕ ತರಗತಿ ಮತ್ತು ಪರೀಕ್ಷೆಗೆ ಯಾವ ರಜೆ ಹಾಕುತ್ತೀರಿ. ಪ್ರಾಸ್ಪೆಕ್ಟಸ್‌ನ ಪ್ರತಿ ಲಗತ್ತಿಸಿ. ಆದೇಶ ಬಂದಾಗ ಇವೆಲ್ಲವೂ ಅದರಲ್ಲಿವೆಯೇ ನೋಡಿ. ಇಲ್ಲದಿದ್ದರೆ ಅದೇ ವಾರ ತಿದ್ದುಪಡಿ ಕೇಳಿ ಇನ್ನೊಂದು ಅರ್ಜಿ ಕೊಡಿ. ‘ಉನ್ನತ ವ್ಯಾಸಂಗಕ್ಕೆ ಅನುಮತಿಸಿದೆ’ ಎಂಬ ಬರಿ ಸಾಲನ್ನು ನಂಬಿ ಹೋಗಬೇಡಿ.

ಅರ್ಜಿ ಯುಕ್ತ ಮಾರ್ಗದಲ್ಲೇ ಹೋಗಬೇಕು. ಶಿಕ್ಷಕರಾದರೆ ಮುಖ್ಯ ಶಿಕ್ಷಕರ ಮೂಲಕ ಕ್ಷೇತ್ರ ಶಿಕ್ಷಣಾಧಿಕಾರಿಗೆ, ಅಲ್ಲಿಂದ ಮೇಲೆ. ಆದರೆ ಯುಕ್ತ ಮಾರ್ಗವೆಂದರೆ ಮುಖ್ಯ ಶಿಕ್ಷಕರ ಮೇಜಿನ ಡ್ರಾಯರ್ ಅಲ್ಲ. ಎರಡು ಪ್ರತಿ ಮಾಡಿ, ಒಂದನ್ನು ಟಪಾಲು ವಿಭಾಗಕ್ಕೆ ಕೊಟ್ಟು, ಇನ್ನೊಂದರ ಮೇಲೆ ಮೊಹರು, ಆವಕ ಸಂಖ್ಯೆ, ದಿನಾಂಕ ಹಾಕಿಸಿಕೊಳ್ಳಿ. ಅದು ನಿಮ್ಮ ಸ್ವಂತದ್ದು, ಮನೆಯಲ್ಲಿ ಇಟ್ಟುಕೊಳ್ಳಿ. ಮೊಹರು ಹಾಕಲು ಒಲ್ಲೆ ಎನ್ನುವ ಕಚೇರಿಗಳಿವೆ. ‘ಸಾಹೇಬರಿಲ್ಲ, ನಾಳೆ ಬರ್ರಿ’ ಎಂದು ದಿನ ತಳ್ಳುವ ಗುಮಾಸ್ತರಿದ್ದಾರೆ. ಅಲ್ಲಿ ಜಗಳ ಮಾಡಬೇಡಿ, ಅದೇ ಅರ್ಜಿಯನ್ನು ತಲುಪಿದ ಪುರಾವೆ ಸಿಗುವಂತೆ ಅಂಚೆಯಲ್ಲಿ ಕಳುಹಿಸಿ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟ್‌ನೊಳಗೆ ಸೇರಿಹೋಗಿದೆ, ಕೌಂಟರಿನಲ್ಲಿ ಸ್ಪೀಡ್ ಪೋಸ್ಟ್ ಎಂದೇ ಕೇಳಿ, ರಸೀದಿ ಜೋಪಾನವಾಗಿಡಿ. ಅರ್ಜಿ ಕಳೆದುಹೋಯಿತು ಎಂದು ಕಚೇರಿ ಹೇಳುವ ದಿನ ಈ ರಸೀದಿಯೇ ನಿಮ್ಮ ಸಾಕ್ಷಿ.

ಈಗ ಕಷ್ಟದ ಪ್ರಶ್ನೆ. ಅರ್ಜಿ ಕೊಟ್ಟಿದ್ದೀರಿ, ಉತ್ತರ ಬಂದಿಲ್ಲ, ಪ್ರವೇಶದ ಕೊನೆಯ ದಿನ ಹತ್ತಿರ ಬಂದಿದೆ. ಮೌನಂ ಸಮ್ಮತಿ ಲಕ್ಷಣಂ ಎಂಬ ಮಾತು ಸರ್ಕಾರಿ ಕಚೇರಿಗೆ ಹೊಂದುವುದಿಲ್ಲ. ಅಲ್ಲಿ ಮೌನವೆಂದರೆ ಅನುಮತಿ ಇಲ್ಲ ಎಂದೇ ಅರ್ಥ. ‘ಸೇರಿಕೊಳ್ಳಿ, ಆಮೇಲೆ ಘಟನೋತ್ತರ ಅನುಮತಿ ಮಾಡಿಸಿಕೊಡ್ತೀವಿ’ ಎನ್ನುವವರು ಈ ಹೊತ್ತಿಗೇ ಬರುತ್ತಾರೆ. ಘಟನೋತ್ತರ ಅನುಮತಿ ಎಂಬುದು ಇಲ್ಲವೆಂದಲ್ಲ. ಅಪರೂಪಕ್ಕೆ ಸಿಗುತ್ತದೆ. ಆದರೆ ಅದು ಪೂರ್ತಿ ಅಧಿಕಾರಿಯ ವಿವೇಚನೆ, ಕೊಡದಿದ್ದರೆ ಕೊಡಿ ಎಂದು ನ್ಯಾಯಮಂಡಳಿಯಲ್ಲಿ ಗಟ್ಟಿಯಾಗಿ ವಾದಿಸಲು ನೆಲೆಯಿರುವುದಿಲ್ಲ. ಬಾಯಿಮಾತಿನಲ್ಲಿ ಒಪ್ಪಿದ ಅಧಿಕಾರಿ ಅಷ್ಟರಲ್ಲಿ ವರ್ಗವಾಗಿ ಹೋಗಿರುತ್ತಾರೆ. ಅವರ ಮಾತನ್ನು ಕಡತದಲ್ಲಿ ಬರೆದವರಿಲ್ಲ. ಹೊಸಬರು ಕಡತ ತೆರೆದು ‘ನಿಯಮ ಉಲ್ಲಂಘನೆ’ ಎಂದು ಬರೆದರೆ ಅವರದ್ದು ತಪ್ಪೆನ್ನಲೂ ಆಗುವುದಿಲ್ಲ. ಘಟನೋತ್ತರ ಅನುಮತಿ ಮಾಡಿಸಿಕೊಡುತ್ತೇನೆಂದು ಮೊದಲೇ ಹಣ ಮುಟ್ಟುವವರ ಬಗ್ಗೆ ನನಗೆ ತೀವ್ರ ಸಿಟ್ಟಿದೆ. ಅವರು ಮಾರುತ್ತಿರುವುದು ತಮ್ಮ ಕೈಯಲ್ಲಿಲ್ಲದ ವಸ್ತು.

ಹಾಗಾದರೆ ಏನು ಮಾಡಬೇಕು? ಪ್ರವೇಶಕ್ಕೆ ಮೂರ್ನಾಲ್ಕು ತಿಂಗಳು ಮೊದಲೇ ಅರ್ಜಿ ಕೊಡಿ. ಒಂದು ತಿಂಗಳಾದರೂ ಅಲುಗದಿದ್ದರೆ ಮಾಹಿತಿ ಹಕ್ಕು ಕಾಯ್ದೆ, 2005ರಡಿ ನಿಮ್ಮದೇ ಅರ್ಜಿಯ ಬಗ್ಗೆ ಕೇಳಿ: ಕಡತ ಸಂಖ್ಯೆ ಏನು, ಈಗ ಯಾರ ಬಳಿ ಇದೆ, ಟಿಪ್ಪಣಿ ಹಾಳೆಯ ಪ್ರತಿ ಕೊಡಿ. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಈ ಮಿತಿ ಮೀರಿತೆಂದು ಅರ್ಜಿ ತಿರಸ್ಕರಿಸುವ ಕಚೇರಿಗಳನ್ನು ನೋಡಿದ್ದೇನೆ, ಅವರಿಗೆ ಆ ನೆಪ ಕೊಡಬೇಡಿ. 30 ದಿನದೊಳಗೆ ಉತ್ತರ ಬರಬೇಕು. ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅದರ ಮೇಲೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿ. ಸ್ವಂತ ಕಚೇರಿಗೇ ಮಾಹಿತಿ ಹಕ್ಕಿನ ಅರ್ಜಿ ಹಾಕಿದರೆ ಮೇಲಧಿಕಾರಿ ಕಣ್ಣು ಕೆಂಪಾದೀತೆಂದು ಹೆದರುವವರೇ ಹೆಚ್ಚು. ನನ್ನ ಅನುಭವದಲ್ಲಿ ಎಷ್ಟೋ ಕಡತಗಳು ಆ ಅರ್ಜಿ ಬಿದ್ದ ಮೇಲೆಯೇ ಎದ್ದು ನಡೆದಿವೆ. ಆದರೆ ಒಂದು ಎಚ್ಚರಿಕೆ: ‘ಇಂಥ ಶಿಕ್ಷಕರಿಗೆ ಹೇಗೆ ಅನುಮತಿ ಕೊಟ್ಟಿರಿ’ ಎಂದು ಬೇರೆಯವರ ಸೇವಾ ದಾಖಲೆ ಕೇಳಬೇಡಿ. ಗಿರೀಶ್ ರಾಮಚಂದ್ರ ದೇಶಪಾಂಡೆ ಪ್ರಕರಣದಲ್ಲಿ 2012ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ವೈಯಕ್ತಿಕ ಮಾಹಿತಿಯೆಂದಿದೆ. ನಿಮ್ಮ ಇಲಾಖೆಯ ವ್ಯಾಸಂಗ ಅನುಮತಿಯ ಸುತ್ತೋಲೆಗಳ ಪ್ರತಿ ಕೇಳಿದರೆ ತಡೆಯುವವರಿಲ್ಲ.

ಇಷ್ಟಾದರೂ ಆದೇಶ ಬರದಿದ್ದರೆ ಆ ವರ್ಷ ಬಿಡಿ. ಕಹಿ ಸಲಹೆಯೆಂದು ಗೊತ್ತು. ಒಂದು ವರ್ಷ ತಡವಾದ ಪದವಿ ಸೇವಾ ಪುಸ್ತಕ ಸೇರುತ್ತದೆ, ಅನುಮತಿಯಿಲ್ಲದ ಪದವಿ ಪೆಟ್ಟಿಗೆಯಲ್ಲೇ ಉಳಿಯುತ್ತದೆ.

ಇನ್ನು ಕೋರ್ಸಿನ ಆಯ್ಕೆ. ಗಡಿಯ ಊರುಗಳಲ್ಲಿ ಏಜೆಂಟರು ಹೊರ ರಾಜ್ಯದ ವಿಶ್ವವಿದ್ಯಾಲಯಗಳ ಹೆಸರು ಹಿಡಿದು ಬರುತ್ತಾರೆ. ‘ಹಾಜರಾತಿ ಬೇಡ, ಪರೀಕ್ಷೆಗೆ ಬಂದರೆ ಸಾಕು’ ಎಂಬುದೇ ಅವರ ಮೊದಲ ಮಾತು. ಆ ಮಾತು ಕೇಳಿದ ಕೂಡಲೇ ಬಾಗಿಲು ಹಾಕಿ. ದೂರಶಿಕ್ಷಣ ಕೊಡುವ ರಾಜ್ಯ ವಿಶ್ವವಿದ್ಯಾಲಯಗಳಿಗೆ ಭೂಪ್ರದೇಶದ ಮಿತಿಯಿದೆ, ತಮ್ಮ ರಾಜ್ಯದ ಹೊರಗೆ ಅಧ್ಯಯನ ಕೇಂದ್ರ ನಡೆಸುವಂತಿಲ್ಲ. ಆನ್‌ಲೈನ್ ಕೋರ್ಸಿಗೆ ಆ ಮಿತಿಯಿಲ್ಲ, ಆದರೆ ಅದಕ್ಕೂ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಮಾನ್ಯತೆ ಬೇಕು. ಈ ನಿಯಮದ ಬೆಲೆ ಕರ್ನಾಟಕದವರಿಗೆ ಹೇಳಿಕೊಡಬೇಕಿಲ್ಲ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಕೋರ್ಸುಗಳಿಗೆ 2013-14ರಿಂದ ಮಾನ್ಯತೆಯಿಲ್ಲವೆಂದು ಯುಜಿಸಿ 2015ರ ಜೂನ್‌ನಲ್ಲಿ ಪ್ರಕಟಿಸಿದಾಗ, ನಡುವೆ ಸೇರಿದ್ದ ಸಾವಿರಾರು ಜನ, ಅವರಲ್ಲಿ ಸರ್ಕಾರಿ ನೌಕರರೂ, ಅಂಕಪಟ್ಟಿ ಹಿಡಿದು ಅಲೆದರು. ಮಾನ್ಯತೆ ಮತ್ತೆ ಸಿಕ್ಕಿದ್ದು 2018-19ರಿಂದ. ಸರ್ಕಾರವೇ ಕಟ್ಟಿದ ವಿಶ್ವವಿದ್ಯಾಲಯದಲ್ಲಿ ಹೀಗಾದರೆ ಏಜೆಂಟನ ಬ್ಯಾಗಿನಿಂದ ಹೊರಬಂದದ್ದನ್ನು ನಂಬುವುದು ಹೇಗೆ?

ಒಡಿಶಾದ ನೀರಾವರಿ ನಿಗಮವೊಂದರ ಡಿಪ್ಲೊಮಾ ಎಂಜಿನಿಯರ್‌ಗಳ ಬಡ್ತಿಯ ತಕರಾರಿನಿಂದ ಹುಟ್ಟಿದ ಪ್ರಕರಣದಲ್ಲಿ 2017ರ ನವೆಂಬರ್ 3ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನು ಎಲ್ಲ ಕಿರಿಯ ಎಂಜಿನಿಯರ್‌ಗಳೂ ತಿಳಿದಿರಬೇಕು. ಅನುಮೋದನೆಯಿಲ್ಲದೆ ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ದೂರಶಿಕ್ಷಣದಲ್ಲಿ ಕೊಟ್ಟಿದ್ದ ಎಂಜಿನಿಯರಿಂಗ್ ಪದವಿಗಳಲ್ಲಿ, 2001ರಿಂದ 2005ರವರೆಗೆ ಸೇರಿದವರದ್ದನ್ನು ಹೊಸ ಪರೀಕ್ಷೆ ಪಾಸಾಗುವವರೆಗೆ ಅಮಾನತಿನಲ್ಲಿಟ್ಟಿತು, ನಂತರ ಸೇರಿದವರದ್ದನ್ನು ರದ್ದುಪಡಿಸಿತು. ಆ ಪದವಿಯಿಂದ ಬಂದ ಬಡ್ತಿಯೂ ಹೋಯಿತು. ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಕಾನೂನು ಇವುಗಳಲ್ಲಿ ದೂರಶಿಕ್ಷಣದ ಪದವಿ ಯುಜಿಸಿ ನಿಯಮದಲ್ಲಿ ನಿಷಿದ್ಧ. ಉಳಿದ ಕೋರ್ಸಿಗೆ ಸೇರುವ ಮೊದಲು ಯುಜಿಸಿಯ ದೂರಶಿಕ್ಷಣ ವಿಭಾಗದ (ಡಿಇಬಿ) ಜಾಲತಾಣದಲ್ಲಿ ಆ ವಿಶ್ವವಿದ್ಯಾಲಯ, ಆ ಕೋರ್ಸು, ನೀವು ಸೇರುವ ಆ ವರ್ಷ ಮೂರೂ ಪಟ್ಟಿಯಲ್ಲಿವೆಯೇ ನೋಡಿ. ಹೋದ ವರ್ಷ ಇತ್ತು ಎಂಬುದು ಈ ವರ್ಷಕ್ಕೆ ಸಾಕ್ಷಿಯಲ್ಲ. ಆ ಪುಟವನ್ನು ಮುದ್ರಿಸಿ ಅರ್ಜಿಯೊಂದಿಗೇ ಲಗತ್ತಿಸಿ. 2024ರಿಂದ ದೂರಶಿಕ್ಷಣ ಹಾಗೂ ಆನ್‌ಲೈನ್ ಪ್ರವೇಶಕ್ಕೆ ವಿದ್ಯಾರ್ಥಿ ತಾನೇ ಡಿಇಬಿ ಐಡಿ ಮಾಡಿಕೊಳ್ಳಬೇಕು. ಅದನ್ನು ಕೇಳದೆ ಹಣ ಕಟ್ಟಿಸಿಕೊಳ್ಳುವ ಕೇಂದ್ರವನ್ನು ಸಂಶಯದಿಂದ ನೋಡಿ.

ಎಲ್‌ಎಲ್‌.ಬಿ.ಯ ಹುಚ್ಚು ಕಂದಾಯ, ಪಂಚಾಯತ್ ಇಲಾಖೆಯವರಿಗೆ ಹೆಚ್ಚು. ಬಾರ್ ಕೌನ್ಸಿಲ್‌ನ 2008ರ ನಿಯಮಗಳ ಪ್ರಕಾರ ಪ್ರತಿ ವಿಷಯಕ್ಕೆ ಶೇ. 70 ಹಾಜರಾತಿ ಬೇಕು. 2024ರ ಸೆಪ್ಟೆಂಬರ್‌ನ ಸುತ್ತೋಲೆಯಲ್ಲಿ ಕೌನ್ಸಿಲ್ ವಿದ್ಯಾರ್ಥಿ ನೌಕರಿಯಲ್ಲಿದ್ದರೆ ಅದನ್ನು ಘೋಷಿಸಿ, ನಿರಾಕ್ಷೇಪಣಾ ಪತ್ರ ಕೊಡಬೇಕೆಂದಿದೆ. ಆ ಘೋಷಣೆಯಲ್ಲಿ ಸುಳ್ಳು ಹೇಳಿದರೆ ಕೆಲಸಕ್ಕೂ ಸನ್ನದಿಗೂ ಕುತ್ತು. ಆದ್ದರಿಂದ ಎಲ್‌ಎಲ್‌.ಬಿ. ಎಂದರೆ ರಜೆ ಅಥವಾ ನಿಯೋಜನೆಯ ಆದೇಶವೇ ಬೇಕು, ಬರೀ ಅನುಮತಿ ಸಾಲದು. ಒಮ್ಮೆಗೇ ಎರಡು ಪದವಿ ಓದಬಹುದೆಂದು ಯುಜಿಸಿ 2022ರಲ್ಲಿ ಹೇಳಿದ್ದನ್ನು ತಂದು ತೋರಿಸುವವರಿದ್ದಾರೆ. ಅದು ವಿಶ್ವವಿದ್ಯಾಲಯಕ್ಕೆ ಸಂಬಂಧಿಸಿದ ಮಾತು, ನಿಮ್ಮ ಇಲಾಖೆಯ ಅನುಮತಿಯನ್ನು ಅದು ಮನ್ನಾ ಮಾಡುವುದಿಲ್ಲ.

ನಿಯೋಜನೆ, ವ್ಯಾಸಂಗ ರಜೆ ಸಿಕ್ಕವರು ಬಾಂಡ್ ಓದಿ ಸಹಿ ಮಾಡಿ. ಕೇಂದ್ರ ಸರ್ಕಾರದ ನೌಕರರಿಗೆ 1972ರ ರಜೆ ನಿಯಮಗಳು ಸ್ಪಷ್ಟವಾಗಿವೆ: ಕನಿಷ್ಠ 5 ವರ್ಷ ಸೇವೆ, ಓದುವ ವಿಷಯಕ್ಕೂ ಮಾಡುವ ಕೆಲಸಕ್ಕೂ ನೇರ ಸಂಬಂಧ, ಸಾಮಾನ್ಯವಾಗಿ ಒಂದು ಸಲಕ್ಕೆ 12 ತಿಂಗಳು, ಇಡೀ ಸೇವೆಯಲ್ಲಿ 24 ತಿಂಗಳು. ಈ ರಜೆ ನಿಮ್ಮ ಗಳಿಕೆ ರಜೆಯ ಲೆಕ್ಕದಿಂದ ಕಳೆಯುವುದಿಲ್ಲ. ಮರಳಿ ಬಂದು 3 ವರ್ಷದೊಳಗೆ ರಾಜೀನಾಮೆ ಕೊಟ್ಟರೆ ರಜೆಯ ವೇತನವನ್ನು ಬಡ್ಡಿಸಹಿತ ಕಟ್ಟಬೇಕು. ರಾಜ್ಯದ ನೌಕರರು ಕರ್ನಾಟಕ ನಾಗರಿಕ ಸೇವಾ ನಿಯಮಗಳು ಮತ್ತು ತಮ್ಮ ಆದೇಶದ ಷರತ್ತುಗಳನ್ನು ನೋಡಬೇಕು. ಬಾಂಡಿನಲ್ಲಿ ಜಾಮೀನುದಾರರಾಗಿ ಸಹೋದ್ಯೋಗಿಗಳು ಸಹಿ ಹಾಕಿರುತ್ತಾರೆ, ನೀವು ಹೊಣೆ ತಪ್ಪಿಸಿದರೆ ಅವರಿಗೂ ನೋಟಿಸು ಹೋಗುತ್ತದೆ. ‘ಸಿ’, ‘ಡಿ’ ವರ್ಗದ ನೌಕರರಿಂದ ಹೆಚ್ಚುವರಿ ವೇತನ ವಸೂಲಿ ಮಾಡಬಾರದೆಂಬ ಸುಪ್ರೀಂ ಕೋರ್ಟ್‌ನ 2014ರ ರಫೀಕ್ ಮಸೀಹ್ ತೀರ್ಪು ಇದೆಯಲ್ಲ ಎಂದು ಕೇಳುತ್ತಾರೆ. ಲಿಖಿತ ಮುಚ್ಚಳಿಕೆ ಬರೆದುಕೊಟ್ಟವರಿಗೆ ಆ ರಕ್ಷಣೆ ಸಿಗುವುದಿಲ್ಲವೆಂದು ಅದೇ ನ್ಯಾಯಾಲಯ 2016ರಲ್ಲಿ ಜಗದೇವ್ ಸಿಂಗ್ ಪ್ರಕರಣದಲ್ಲಿ ಹೇಳಿದೆ.

ಹಣದ ಬಗ್ಗೆ ಒಂದೇ ಮಾತು. 2006ರ ಏಪ್ರಿಲ್ 1ರಿಂದೀಚೆಗೆ ಸೇವೆಗೆ ಸೇರಿ ಎನ್‌ಪಿಎಸ್‌ನಲ್ಲಿರುವವರು ಖಾತೆಗೆ 3 ವರ್ಷವಾದ ಮೇಲೆ ತಮ್ಮ ಸ್ವಂತ ವಂತಿಗೆಯ ಶೇ. 25ರವರೆಗೆ ಮಕ್ಕಳ ಉನ್ನತ ಶಿಕ್ಷಣಕ್ಕೂ ತಮ್ಮ ಕೌಶಲ ಹೆಚ್ಚಿಸಿಕೊಳ್ಳುವುದಕ್ಕೂ ತೆಗೆಯಬಹುದು. ಬಡ್ಡಿ ಸಾಲಕ್ಕೆ ಕೈಚಾಚುವ ಮೊದಲು ಇದನ್ನು ವಿಚಾರಿಸಿ.

ಅರ್ಜಿ ತಿರಸ್ಕೃತವಾದರೆ? ಲಿಖಿತ ಹಿಂಬರಹ ಪಡೆಯಿರಿ, ಕಾರಣ ಬರೆದಿರಬೇಕು. ಮೇಲಧಿಕಾರಿಗೆ ಮನವಿ ಕೊಡಿ. ಆರು ತಿಂಗಳಾದರೂ ತೀರ್ಮಾನವಾಗದಿದ್ದರೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ ಹೋಗಬಹುದು, ಅದರ ಪೀಠ ಕಲಬುರಗಿಯಲ್ಲೇ ಇದೆ, ಬೆಂಗಳೂರಿಗೆ ಓಡಬೇಕಿಲ್ಲ. 1985ರ ಆಡಳಿತ ನ್ಯಾಯಮಂಡಳಿಗಳ ಕಾಯ್ದೆಯಲ್ಲಿ ಗಡುವು ಒಂದು ವರ್ಷ, ಅಂತಿಮ ಆದೇಶದ ದಿನದಿಂದ ಅಥವಾ ಆ ಆರು ತಿಂಗಳು ಮುಗಿದ ದಿನದಿಂದ. ಎಷ್ಟೋ ಜನ ‘ಮತ್ತೊಂದು ನೆನಪೋಲೆ ಕೊಟ್ಟಿದ್ದೇನೆ’ ಎಂದು ವರ್ಷಗಟ್ಟಲೆ ಕಾಯುತ್ತಾರೆ. ನೆನಪೋಲೆಯಿಂದ ಗಡುವು ಬೆಳೆಯುವುದಿಲ್ಲ. ಎಸ್.ಎಸ್. ರಾಥೋರ್ ಪ್ರಕರಣದಲ್ಲಿ 1989ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ತೀರ್ಮಾನಿಸಿದೆ.

ಈ ನ್ಯಾಯಮಂಡಳಿಯ ದಾರಿಯೂ ಎಲ್ಲರಿಗೂ ಅಲ್ಲ. ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ ಭಾಲ್ಕಿ ಘಟಕದ ನಿರ್ವಾಹಕರು, ಜೆಸ್ಕಾಂ ಲೈನ್‌ಮನ್‌ಗಳು ತಮ್ಮ ನಿಗಮದ ಸೇವಾ ನಿಯಮಗಳಿಗೆ ಒಳಪಟ್ಟವರು. ಅನುಮತಿ ನಿರಾಕರಣೆ ಪ್ರಶ್ನಿಸಲು ಅವರು ಹೈಕೋರ್ಟ್‌ನ ಕಲಬುರಗಿ ಪೀಠಕ್ಕೆ ಹೋಗಬೇಕು. ಅನುದಾನಿತ ಶಾಲೆಯವರಿಗೆ ಆಡಳಿತ ಮಂಡಳಿಯ ಒಪ್ಪಿಗೆಯೂ ಇಲಾಖೆಯ ಒಪ್ಪಿಗೆಯೂ ಬೇಕು. ಗ್ರಾಮೀಣ ಡಾಕ್ ಸೇವಕರಿಗೆ ಕೇಂದ್ರದ ರಜೆ ನಿಯಮ ಅನ್ವಯಿಸುವುದಿಲ್ಲ. ಅತಿಥಿ ಶಿಕ್ಷಕರಿಗೆ, ಹೊರಗುತ್ತಿಗೆಯವರಿಗೆ ವ್ಯಾಸಂಗ ರಜೆಯೆಂಬುದೇ ಇಲ್ಲ. ವರ್ಷಗಟ್ಟಲೆ ಕಾಯಂ ನೌಕರರಷ್ಟೇ ದುಡಿಯುವ ಇವರನ್ನು ಓದಿನಿಂದ ಹೊರಗಿಟ್ಟಿರುವುದು ಸರ್ಕಾರದ ಅನ್ಯಾಯ, ಅದನ್ನು ಇಲ್ಲಿ ಹೇಳದೆ ಇರಲಾರೆ.

ವಕೀಲರ ಶುಲ್ಕಕ್ಕೆ ಹೆದರಿ ಗಡುವು ಕಳೆದುಕೊಳ್ಳಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಸಂಬಳ ಬರುವ ಶಿಕ್ಷಕಿಗೂ ಇದು ಅನ್ವಯಿಸುತ್ತದೆ. ಭಾಲ್ಕಿ ನ್ಯಾಯಾಲಯದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೋಗುವಾಗ ಮೊಹರಿರುವ ಅರ್ಜಿಯ ಪ್ರತಿ ಜೊತೆಗಿರಲಿ.